ಜೋಡಿ ಅಕ್ಕನ ಇನ್ನೊಂದು

ನಮ್ಮ ಹೊಲಿಗೆ ಅಂಗಡಿಯಲ್ಲಿ ಅವಳಿಗೆ ಎಲ್ಲರೂ ಇಟ್ಟ ಹೆಸರು ಜೋಡಿ ಅಕ್ಕ. ಕತ್ತರಿ ಎರಡು, ಟೇಪು ಎರಡು, ಬೀಗದ ಕೈ ಎರಡು. "ಒಂದು ಕೈಕೊಟ್ರೆ ಇನ್ನೊಂದು ಇರ್ಲಿ" ಎನ್ನದೆ ಅವಳಿಗೆ ದಿನ ಹೋಗುತ್ತಿರಲಿಲ್ಲ. ಪಕ್ಕದ ಮಷಿನ್ನಿನಲ್ಲಿ ಕಾಜಾ ಹಾಕುವ ನಾನು, "ಗಂಡನ ವಿಷಯದಲ್ಲೂ ಹಾಗೇನಾ?" ಎಂದು ಕೆಣಕಿದರೆ, "ಆ ಒಂದನ್ನೇ ಸಂಭಾಳಿಸಿ ಸಾಕಾಗಿದೆ ಮಾರಾಯ್ತಿ" ಎಂದು ಟೇಪಿನಿಂದಲೇ ಬಾರಿಸುತ್ತಿದ್ದಳು.

ಅವಳ ತಮ್ಮ ಗಡಿಯಾರ ರಿಪೇರಿ ಮಾಡುವವನು. ಎರಡೂ ಕಿಡ್ನಿ ಕೆಟ್ಟು, ಆಸ್ಪತ್ರೆ ಸೇರಿ ಡಯಾಲಿಸಿಸ್ ಮೇಲಿದ್ದ. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹಾಕಿಕೊಟ್ಟಿದ್ದರು. ಅದನ್ನು ಸಣ್ಣ ಬಾಟಲಿಗೆ ತುಂಬಿ, ದಿಂಬಿನ ಪಕ್ಕ ಇಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಿದ್ದ. ಆ ಬಾಟಲಿಯನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

"ನನ್ನದೊಂದು ಕಿಡ್ನಿ ಕೊಡ್ತೀನಿ. ಮತ್ತೆ ಎರಡೆರಡು ಇರೋದು ಯಾಕೆ?" ಎಂದು ಅಕ್ಕ ಹಟ ಹಿಡಿದಳು. ರಕ್ತದ ಗುಂಪು ಹೊಂದಿತು. ನಮಗೆಲ್ಲ ಹೋದ ಜೀವ ಬಂದಂತಾಯಿತು.

ಸ್ಕ್ಯಾನಿಂಗಿಗೆ ಜೊತೆಯಲ್ಲಿ ನಾನೂ ಹೋಗಿದ್ದೆ. ಡಾಕ್ಟರಮ್ಮ ಬಲಗಡೆ ನೋಡಿದರು, ಎಡಗಡೆ ನೋಡಿದರು, ಮತ್ತೆ ಎಡಗಡೆಯೇ ಹುಡುಕತೊಡಗಿದರು.

"ನಿಮಗಿರೋದು ಒಂದೇ ಕಿಡ್ನಿಯಮ್ಮ."

ಅಕ್ಕ ಎದ್ದು ಕೂತು, "ಮಷಿನ್ ಕೆಟ್ಟಿರ್ಬೇಕು. ಇನ್ನೊಂದಿಲ್ವಾ ನಿಮ್ಮತ್ರ?" ಎಂದಳು.

ಇನ್ನೊಂದು ಇತ್ತು. ಅದರಲ್ಲೂ ಒಂದೇ ಕಂಡಿತು.

"ಯಾರು ತೆಗೆದ್ರು? ಯಾವಾಗ?" ಅಕ್ಕ ಕೇಳಿದಳು.

"ಯಾರೂ ತೆಗೆದಿಲ್ಲಮ್ಮ, ಅದು ಬೆಳೆದೇ ಇಲ್ಲ. ನೀವು ತಾಯಿ ಹೊಟ್ಟೇಲಿ ಬಟಾಣಿ ಕಾಳಿನಷ್ಟಿದ್ದಾಗ, ಒಂದು ನಾಳದಿಂದ ಸಣ್ಣ ಮೊಗ್ಗು ಬೆಳೆದು, ಅಲ್ಲಿರೋ ಜೀವಕೋಶಗಳ ಗುಂಪನ್ನ ಮುಟ್ಟಬೇಕು. ಮುಟ್ಟಿದ್ರೆ ಅದು ಕವಲು ಮೇಲೆ ಕವಲು ಒಡೆಯುತ್ತೆ. ಒಂದೊಂದು ತುದಿ ಹತ್ರಾನೂ ಕೋಶಗಳು ಒಟ್ಟಾಗಿ, ಮಡಚ್ಕೊಂಡು, ಪುಟ್ಟ ಬಟ್ಟಲಾಗ್ತವೆ. ಅದರೊಳಗೆ ಸಣ್ಣ ರಕ್ತನಾಳಗಳ ಉಂಡೆ ಕೂರುತ್ತೆ. ರಕ್ತ ಸೋಸೋ ಜರಡಿ ಅದೇ. ಲಕ್ಷಗಟ್ಟಲೆ ಇರ್ತವೆ. ನಿಮ್ಮ ಎಡಗಡೆ ಮೊಗ್ಗು ಬಹುಶಃ ಮುಟ್ಟಲೇ ಇಲ್ಲ."

"ಈಗ ಬೆಳೆಸೋಕಾಗಲ್ವಾ?"

"ಹುಟ್ಟೋ ಮೊದ್ಲೇ ಆ ಕೆಲಸ ಮುಗಿದಿರುತ್ತೆ. ಆಮೇಲೆ ಹೊಸ ಜರಡಿ ಒಂದೂ ಆಗಲ್ಲ. ಇರೋದನ್ನ ಜೋಪಾನ ಮಾಡಿ, ಸರಿಯಾಗಿ ನೀರು ಕುಡೀರಿ."

ನನಗೆ ಸಿಟ್ಟು ನೆತ್ತಿಗೇರಿತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಮಕ್ಕಳನ್ನು ಹೆತ್ತವಳು, ಮೂಟೆಗಟ್ಟಲೆ ಬಟ್ಟೆ ಹೊತ್ತವಳು! ಇಷ್ಟು ವರ್ಷ ಮೈ ಒಂದು ಸುಳಿವನ್ನಾದರೂ ಕೊಡಬಾರದಿತ್ತೇ?

ವಾರ್ಡಿನಲ್ಲಿ ತಮ್ಮ ಅವಳ ಮುಖ ನೋಡಿ, "ಹೆದರ್ಕೊಂಡ್ಯಾ ಅಕ್ಕ? ಹೋಗ್ಲಿ ಬಿಡು" ಎಂದ.

"ಹೆದರಿಕೆ ಅಲ್ಲ ಕಣೋ! ಇರೋದೇ ಒಂದಂತೆ. ಹುಟ್ಟಿದಾಗಿಂದ ಒಂದೇ ಅಂತೆ!" ಎಂದು ಅಕ್ಕ ಗೊಳೋ ಎಂದು ಅತ್ತಳು.

ಅವನು ಕೇಳಿದ, "ಬೆಳಗ್ಗೆಯಿಂದ ನೀರು ಕುಡಿದ್ಯಾ?"

"ಇಲ್ಲ."

ದಿಂಬಿನ ಪಕ್ಕದ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ಅವಳ ಕೈಗೆ ಕೊಟ್ಟ.

"ಮೊದ್ಲು ಕುಡಿ. ನಿಂಗೆ ಇನ್ನೊಂದಿಲ್ಲ."