ಮೆಟ್ಟಿಲು ಬಾವಿಯ ಪಾಠ

ಕೆಂಡದ ಮೇಲೆ ಬಾಡಿಸಿದ ಎಕ್ಕೆ ಎಲೆಗೆ ಅದರದೇ ಒಂದು ವಾಸನೆಯಿದೆ. ಹಸಿಯೂ ಅಲ್ಲ, ಸುಟ್ಟದ್ದೂ ಅಲ್ಲ. ಹರಳೆಣ್ಣೆ ಸೇರಿದರಂತೂ ಇನ್ನಷ್ಟು ಭಾರವಾಗಿ ಮೂಗಿನಲ್ಲಿ ಉಳಿದುಬಿಡುತ್ತದೆ. ಮೊನ್ನೆ ಬಸ್ಸಿನಲ್ಲಿ ಯಾರೋ ಮಂಡಿನೋವಿಗೆ ಅದನ್ನು ಕಟ್ಟಿಕೊಂಡು ನನ್ನ ಪಕ್ಕ ಕುಳಿತರು. ಹಗರಿಬೊಮ್ಮನಹಳ್ಳಿ ದಾಟುವಷ್ಟರಲ್ಲಿ ನಾನು ಹಂಪಸಾಗರದ ಕಡೆಯ ನಮ್ಮ ಹಳ್ಳಿಯ, ಈಗಿಲ್ಲದ ಮನೆಯ ಪಡಸಾಲೆಯಲ್ಲಿದ್ದೆ. ಅಪ್ಪನ ತಂಗಿ ಗಿರಿಜತ್ತೆ ಕಂಬಕ್ಕೊರಗಿ ಕಾಲು ಚಾಚಿದ್ದಳು. ಅಜ್ಜಿ ಬಿಸಿ ಎಲೆಯನ್ನು ಊದಿ ಊದಿ ಅವಳ ಹಿಮ್ಮಡಿಯ ಮೇಲೆ ಕಟ್ಟುತ್ತಿದ್ದಳು.

ಎಪ್ಪತ್ತರ ದಶಕದ ಆ ಬೇಸಿಗೆಗಳಲ್ಲಿ ನಮ್ಮೂರಿನಲ್ಲಿ ನಾರು ಹುಣ್ಣು ಇಲ್ಲದ ಮನೆ ಇರಲಿಲ್ಲ. ಮೊದಲು ಕಾಲಿನಲ್ಲಿ ಒಂದು ಬೊಕ್ಕೆ, ಬೆಂಕಿ ಇಟ್ಟಂಥ ಉರಿ. ಅದು ಒಡೆದರೆ ಒಳಗಿನಿಂದ ಬಿಳಿಯ ದಾರದಂಥ ಹುಳ ಇಣುಕುತ್ತಿತ್ತು. ಅದನ್ನು ಬೆಂಕಿಕಡ್ಡಿಗೆ ಸುತ್ತಿ, ದಿನಕ್ಕಿಷ್ಟೇ ಇಷ್ಟು ಎಂದು ತಾಳ್ಮೆಯಿಂದ ಎಳೆಯಬೇಕು. ಹರಿದರೆ ಕಾಲೇ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಎಲ್ಲಿಂದ ಬರುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ. ಅಜ್ಜಿ ಮೈಯ ಕಾವು ಎನ್ನುತ್ತಿದ್ದಳು. ಪಕ್ಕದ ಮನೆಯವರು ನಾಗರ ದೋಷ ಎನ್ನುತ್ತಿದ್ದರು. ಗಿರಿಜತ್ತೆ ಇದ್ಯಾವುದಕ್ಕೂ ಕಿವಿಗೊಡದೆ, ಬೆಂಕಿಕಡ್ಡಿಯನ್ನು ಹಿಮ್ಮಡಿಗೆ ಬಿಗಿದುಕೊಂಡೇ ತಲೆಯ ಮೇಲೊಂದು ಸೊಂಟದಲ್ಲೊಂದು ಕೊಡ ಇಟ್ಟು ನೀರು ತರುತ್ತಿದ್ದಳು. ಮಾಗಳದ ಒಬ್ಬ ಹುಡುಗನೊಂದಿಗೆ ಅವಳ ಮದುವೆಯ ಮಾತಾಗಿತ್ತು. ಮದುವೆಯೊಳಗೆ ಹುಣ್ಣು ಮಾಯಬೇಕೆನ್ನುವುದೊಂದೇ ಅವಳ ಚಿಂತೆ. ಬಾವಿಯ ಕೊನೆಯ ಮೆಟ್ಟಿಲಲ್ಲಿ ಕಾಲನ್ನು ನೀರಿಗೆ ಇಳಿಬಿಟ್ಟು ಕೂತಾಗ ಉರಿ ತಣಿದು ಅವಳ ಮುಖ ಅರಳುತ್ತಿದ್ದುದನ್ನು ನಾನು ನೋಡಿದ್ದೇನೆ.

ನಾನಾಗ ಮೂರನೇ ತರಗತಿ. ನಮ್ಮ ಶಾಲೆಗೆ ಹೊಸದಾಗಿ ಬಂದಿದ್ದ ಅಕ್ಕೋರು, ಶಾರದಕ್ಕೋರು, ಒಂದು ಸೋಮವಾರ ಹಲಗೆಯ ಮೇಲೆ ಬಾವಿಯ ಚಿತ್ರ ಬರೆದು, ಈ ವಾರ ಪೂರ್ತಿ ನೀರಿನ ಪಾಠ ಎಂದರು. ಹುಣ್ಣಿರುವವರು ಬಾವಿಗೆ ಕಾಲಿಟ್ಟರೆ ಹುಳದ ಮರಿಗಳು ನೀರಿಗೆ ಸೇರುತ್ತವೆ, ಸೋಸದೆ ಆ ನೀರು ಕುಡಿದವರಿಗೆ ಬರುವ ವರ್ಷ ಹುಣ್ಣಾಗುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದರು. ನಾವೆಲ್ಲ ಒಟ್ಟಿಗೆ ಕೂಗಿ ಕಲಿತೆವು: "ಹುಣ್ಣಿದ್ದವರು ಬಾವಿಗೆ ಇಳಿಯಬಾರದು." ಕೂಗುತ್ತಿರುವಂತೆಯೇ ಮುಂದಿನ ಸಾಲಿನ ಹುಡುಗಿಯರು ಒಬ್ಬೊಬ್ಬರಾಗಿ ತಿರುಗಿ ನನ್ನನ್ನು ನೋಡತೊಡಗಿದರು. ಅತ್ತೆ ಬಾವಿಯಲ್ಲಿ ಕಾಲು ಇಳಿಬಿಟ್ಟು ಕೂರುವುದನ್ನು ಅವರೂ ದಿನಾ ನೋಡಿದ್ದರು. ಆ ಸಂಜೆ ಪ್ರತಿ ಮಗುವಿನ ಜೊತೆ ಆ ವಾಕ್ಯವೂ ಮನೆಗೆ ಹೋಯಿತು.

ಮರುದಿನ ಬೆಳಿಗ್ಗೆ ಅತ್ತೆಯ ಹಿಂದೆ ನಾನೂ ಸಣ್ಣ ತಂಬಿಗೆ ಹಿಡಿದು ಬಾವಿಗೆ ಹೋಗಿದ್ದೆ. ಮೇಲಿನ ಮೆಟ್ಟಿಲಲ್ಲೇ ನಮ್ಮ ಓಣಿಯ ಈರಮ್ಮ ಅಡ್ಡ ನಿಂತಳು. ಅವಳ ಮಗ ಎರಡೂ ಕಾಲಿಗೆ ಹುಣ್ಣಾಗಿ ಹಾಸಿಗೆ ಹಿಡಿದಿದ್ದ.

"ನೀ ಇಳೀಬ್ಯಾಡ ಗಿರಿಜಾ. ನಿನ್ನ ಕಾಲು ತೊಳದ ನೀರು ಕುಡದು ನನ್ನ ಮಗ ಮಲಗ್ಯಾನ."

"ನಾನೊಬ್ಬಾಕೀನ ಇಳದೀನೇನು ಚಿಗವ್ವ? ನೀ ಇಳದಿಲ್ಲೇನು?"

ಹಿಂದಿನ ದಿನದವರೆಗೆ ಅವಳೊಂದಿಗೆ ನಗುತ್ತಿದ್ದ ಹೆಂಗಸರು ಕೊಡಗಳನ್ನು ಪಕ್ಕಕ್ಕೆ ಸರಿಸಿಕೊಂಡರು. ಅತ್ತೆ ಖಾಲಿ ಕೊಡ ಹೊತ್ತು ಬೀದಿಯ ನಡುವೆಯೇ ನೆಟ್ಟಗೆ ನಡೆದು ಬಂದಳು. ಮನೆಯೊಳಗೆ ಬಂದವಳೇ ಪಡಸಾಲೆಯಲ್ಲಿ ಕೂತು, ಕಟ್ಟು ಬಿಚ್ಚಿ, ಬೆಂಕಿಕಡ್ಡಿ ಹಿಡಿದು ಒಂದೇ ಸಲಕ್ಕೆ ಜಗ್ಗಿದಳು. "ಹೋಗಲಿ ಇವತ್ತಽ, ಹೋಗಿ ಸಾಯಲಿ!" ಎಂದಳು. ಅಜ್ಜಿ ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಹುಳ ಹರಿದು ಅರ್ಧ ಒಳಗೇ ಉಳಿದಿತ್ತು.

ಸಂಜೆಗೆ ಜ್ವರ ಏರಿತು. ಎರಡು ದಿನ ಕಳೆಯುವಷ್ಟರಲ್ಲಿ ಕಾಲು ಮೊಣಕಾಲಿನವರೆಗೆ ಬಾತು ಕೆಂಪಗೆ ಹೊಳೆಯತೊಡಗಿತು. ಅಪ್ಪ ಬಂಡಿ ಕಟ್ಟಿ ದವಾಖಾನೆಗೆ ಕರೆದೊಯ್ದು, ಸೂಜಿ ಮಾಡಿಸಿಕೊಂಡು ಬಂದರು. ಸುದ್ದಿ ತಿಳಿದು ಅಕ್ಕೋರು ಮನೆಗೆ ಬಂದಾಗ ಅಜ್ಜಿ ಅವರಿಗೆ ಚಾಪೆ ಹಾಸಿದಳೇ ವಿನಾ ಮುಖ ನೋಡಲಿಲ್ಲ.

"ನೀವು ಹೇಳಿದ್ದು ಖರೇನ ಇರಬೌದ್ರಿ ಅಕ್ಕೋರ. ಆದ್ರ ಅಕಿಗೆ ಯಾರು ಕೊಟ್ರು ಅಂತ ಹೇಳಲಿಲ್ಲ ನೀವು. ನನ್ನ ಮಗಳೂ ಅದಽ ನೀರು ಕುಡದಾಳ್ರಿ."

ಅಕ್ಕೋರ ಕಣ್ಣು ತುಂಬಿ ಬಂದವು. ಬಿಸಿನೀರು ತರಿಸಿ ಅತ್ತೆಯ ಕಾಲು ತೊಳೆದು, ಕೀವು ಒರೆಸಿ ಎದ್ದರು. ಮರುದಿನ ಬೆಳಿಗ್ಗೆ ಶಾಲೆಗೆ ಬರದೆ ನೇರ ಬಾವಿಗೆ ಹೋದರಂತೆ. ನೀರಿಗೆ ಬಂದವರ ಮುಂದೆ ಸೀರೆಯ ಅಂಚು ಎತ್ತಿ, ಮೀನಖಂಡದ ಮೇಲಿನ ಹಳೆಯ ಕಲೆ ತೋರಿಸಿ, "ನೋಡ್ರಿ, ನನಗೂ ಆಗಿತ್ತು. ಉರಿ ತಡೀಲಾರದ ನಮ್ಮೂರ ಬಾವಿಗೆ ನಾನೂ ಇಳಿದೀನಿ. ಗೊತ್ತಿರಲಿಲ್ಲ. ನಿಮಗೂ ಗೊತ್ತಿರಲಿಲ್ಲ, ಗಿರಿಜಾಗೂ ಗೊತ್ತಿರಲಿಲ್ಲ" ಎಂದರಂತೆ. ಈರಮ್ಮ ಆ ಸಂಜೆ ಒಂದು ಕೊಡ ನೀರು ತಂದು ನಮ್ಮ ಹೊಸ್ತಿಲ ಬಳಿ ಇಳಿಸಿ, ಒಳಗೆ ಬಾರದೆ ಹೊರಟುಹೋದಳು.

ಅತ್ತೆ ಬದುಕಿಕೊಂಡಳು. ಕಾಲು ಮಾತ್ರ ಮತ್ತೆ ಮಡಚಲು ಬರಲಿಲ್ಲ. ಮಾಗಳದವರು ಒಮ್ಮೆ ಬಂದು ನೋಡಿ, ಊಟ ಮಾಡಿ, ಆಮೇಲೆ ಹೇಳಿ ಕಳಿಸುತ್ತೇವೆಂದು ಹೋದವರು ಹೇಳಿ ಕಳಿಸಲೇ ಇಲ್ಲ. ಅತ್ತೆ ಅದನ್ನು ಯಾರ ಮುಂದೆಯೂ ಆಡಿ ಅತ್ತವಳಲ್ಲ. ನನ್ನ ತಲೆ ಬಾಚುತ್ತ ಬಾಚುತ್ತ ಕೆಲವೊಮ್ಮೆ ಕೈ ನಿಲ್ಲಿಸಿಬಿಡುತ್ತಿದ್ದಳು. ತಿರುಗಿ ನೋಡಬಾರದೆಂದು ನನಗೆ ಹೇಗೋ ತಿಳಿಯುತ್ತಿತ್ತು.

ಅಕ್ಕೋರಿಗೆ ವರ್ಗವಾಯಿತು. ಊರಿಗೆ ಬೋರಿಂಗ್ ಬಂತು, ಕೆಲವು ವರ್ಷಗಳಲ್ಲಿ ನಾರು ಹುಣ್ಣು ಎಲ್ಲ ಮನೆಗಳಿಂದ ಹೊರಟೇ ಹೋಯಿತು. ಈಗ ಅದೇ ಶಾಲೆಯ ಮಕ್ಕಳಿಗೆ ಅದರ ಹೆಸರೂ ಗೊತ್ತಿಲ್ಲ. ಅವರು ಬೇರೇನೋ ಕಲಿಯುತ್ತಿದ್ದಾರೆ. ಹಾಗಾದದ್ದು ಒಳ್ಳೆಯದೇ. ಆದರೂ ಆ ಪಾಠಕ್ಕೆ ನಮ್ಮ ಮನೆ ತೆತ್ತದ್ದನ್ನು ಬಲ್ಲವರು ನನ್ನನ್ನು ಬಿಟ್ಟರೆ ಈಗ ಯಾರೂ ಉಳಿದಿಲ್ಲ.

ಬಾವಿ ಮುಚ್ಚಿದ ದಿನ ನಾನು ಊರಲ್ಲಿದ್ದೆ. ಬಂಡಿಗಳಲ್ಲಿ ಮಣ್ಣು ತಂದು ಸುರಿಯುತ್ತಿದ್ದರು, ಜನ ಹಬ್ಬದಂತೆ ನೆರೆದಿದ್ದರು. ಅತ್ತೆ ನನ್ನ ಭುಜ ಹಿಡಿದು, ಕಾಲೆಳೆಯುತ್ತ ಅಲ್ಲಿಗೆ ಬಂದಳು. ಮೆಟ್ಟಿಲುಗಳು ಒಂದೊಂದಾಗಿ ಮರೆಯಾಗುವುದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನಗಷ್ಟೇ ಕೇಳುವಂತೆ ಅಂದಳು:

"ಪಾಪ, ಈ ಬಾವಿಗರ ಏನು ಗೊತ್ತಿತ್ತು."