ನನ್ನ ಕಾಲಿಗೆ ಬಂದ ಹೆಸರು

ನಾನು ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು. ಅಂಥವರು ಬೆನ್ನಿಗೆ ಮೂರು ಸಲ ಕಾಲು ತಾಗಿಸಿದರೆ ಉಳುಕು ಹೋಗುತ್ತದೆಂಬ ನಂಬಿಕೆ ನಮ್ಮ ಹರಪನಹಳ್ಳಿಯಲ್ಲಿ ಗಟ್ಟಿಯಾಗಿತ್ತು. ಬೆಳಿಗ್ಗೆ ನಾನು ಮುಖ ತೊಳೆಯುವುದರೊಳಗೆ ಯಾರಾದರೂ ಬಂದು ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿರುತ್ತಿದ್ದರು. ಹಿರಿಯರನ್ನು ಒದ್ದು, ಆಮೇಲೆ ಅವರ ಕಾಲಿಗೇ ನಮಸ್ಕಾರ ಮಾಡುವ ಈ ಉದ್ಯೋಗ ನನಗೆ ಒಳಗೊಳಗೇ ಖುಷಿ ಕೊಡುತ್ತಿತ್ತು, ಸುಳ್ಳೇಕೆ ಹೇಳಲಿ.

ಎಪ್ಪತ್ತರ ದಶಕದ ಕೊನೆಯಲ್ಲಿ, ನಾನು ಟೀಚರ್ ಟ್ರೈನಿಂಗ್ ಮುಗಿಸಿ ಮನೆಯಲ್ಲಿದ್ದಾಗ, ಸೋದರಮಾವ ಬರತೊಡಗಿದರು. ಅವರು ದರ್ಜಿ. ಎದೆಯಿಂದ ಎಡಗೈವರೆಗೆ ಹಿಡಿದಂತಾಗುತ್ತಿತ್ತಂತೆ. ದಿನವಿಡೀ ಮೆಷಿನ್ ಮೇಲೆ ಬಗ್ಗುವವರಿಗೆ ಉಳುಕಲ್ಲದೆ ಇನ್ನೇನು ಎಂದು ಎಲ್ಲರೂ ತೀರ್ಮಾನಿಸಿದ್ದರು. ನಮ್ಮ ಮನೆಯ ಏರು ಹತ್ತಿ ಬರುವಷ್ಟರಲ್ಲಿ ಮಾವನ ಮುಖ ಬೆವೆತು ಬಿಳಿಚಿಕೊಂಡಿರುತ್ತಿತ್ತು. ನಾನು ಕಾಲು ತಾಗಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ, "ಹೋತು ನೋಡವ್ವ, ನಿನ್ನ ಕಾಲಾಗ ಏನೋ ಐತಿ," ಎನ್ನುತ್ತಿದ್ದರು. ಮರುದಿನ ಮತ್ತೆ ಹಾಜರು. ಉಳಿದವರಿಗೆ ಮೂರು ದಿನ ಸಾಕಾಗುತ್ತಿತ್ತು, ಇವರದು ಎರಡು ತಿಂಗಳಾದರೂ ಮುಗಿಯಲಿಲ್ಲ.

ಒಂದು ದಿನ ನಾನು ತಲೆ ಎರೆದುಕೊಂಡು ಹೊರಗೆ ಬಂದಾಗ ಮಾವ ಅವ್ವನ ಜೊತೆ ನಗುತ್ತ ಚಹಾ ಕುಡಿಯುತ್ತಿದ್ದರು.

"ನೋವು?" ಎಂದೆ.

"ಈಗಿಲ್ಲ. ಬರೋವಾಗ ಜೋರಿತ್ತು."

"ನಾನಿನ್ನೂ ಕಾಲೇ ತಾಗ್ಸಿಲ್ಲಲ್ಲ ಮಾವ?"

ಅವರು ನಕ್ಕರು. ನನಗೆ ಮಾತ್ರ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಮರುದಿನ ಬೇಕೆಂದೇ ಒಳಗುಳಿದು ಕಿಟಕಿಯಿಂದ ನೋಡಿದೆ. ಏರಿನಲ್ಲಿ ಎರಡು ಕಡೆ ನಿಂತರು, ಎದೆ ಒತ್ತಿಕೊಂಡರು. ಕಟ್ಟೆಯ ಮೇಲೆ ಕೂತ ಐದು ನಿಮಿಷಕ್ಕೆ ಮುಖಕ್ಕೆ ಕಳೆ ಬಂತು.

ಅವತ್ತೇ ಹಟ ಹಿಡಿದು ದಾವಣಗೆರೆಗೆ ಕರೆದೊಯ್ದೆ. ಎಷ್ಟು ದಿನದಿಂದ ಎಂದು ಡಾಕ್ಟರು ಕೇಳಿದರು.

"ಎರಡು ತಿಂಗಳಾತ್ರಿ. ಆದ್ರ ನಮ್ ಹುಡುಗಿ ದಿನಾ ಗುಣ ಮಾಡ್ತಾಳ," ಎಂದು ಮಾವ ಹೆಮ್ಮೆಯಿಂದ ಹೇಳಿದರು.

"ಇಲ್ರಿ ಡಾಕ್ಟ್ರ," ಎಂದೆ. "ಏರು ಹತ್ತಿದ್ರ ಬರ್ತೈತಿ, ಕುಂತ್ರ ತಾನಾ ಹೋಗ್ತೈತಿ. ನಾನೇನೂ ಮಾಡಿಲ್ಲ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಆ ಮಾತನ್ನು ಮತ್ತೊಮ್ಮೆ ಹೇಳಿಸಿದರು. ಮಾವನನ್ನು ಮಲಗಿಸಿ ಇಸಿಜಿ ತೆಗೆದರು. ಹೃದಯಕ್ಕೆ ರಕ್ತ ಸಾಲುತ್ತಿಲ್ಲ, ಒಂದು ಕಡೆ ಆಗಲೇ ಪೆಟ್ಟು ಬಿದ್ದಿದೆ ಎಂದರು. ನಾಲಗೆಯ ಕೆಳಗಿಡಲು ಸಣ್ಣ ಗುಳಿಗೆ ಕೊಟ್ಟು, ವಾರ್ಡಿಗೆ ಸೇರಿಸಿಕೊಂಡರು.

"ಮೊದ್ಲೇ ಬಂದಿದ್ರ ಆ ಪೆಟ್ಟು ತಪ್ತಿತ್ತೇನ್ರಿ?" ಕೇಳದೆ ಇರಲಾಗಲಿಲ್ಲ.

"ತಪ್ಪಬಹುದಿತ್ತು," ಎಂದರು.

ನಾನು ವಾರ್ಡಿಗೆ ಹೋದಾಗ ಮಾವ ಪಕ್ಕದ ಮಂಚದವರಿಗೆ ನನ್ನನ್ನು ತೋರಿಸಿ ಹೇಳುತ್ತಿದ್ದರು: "ನಮ್ಮಕ್ಕನ ಮಗಳ್ರಿ. ಇಕಿ ಇರ್ಲಿಲ್ಲಂದ್ರ ನಾ ಸತ್ತೇ ಹೋಗ್ತಿದ್ದೆ." ನನ್ನ ಕಾಲನ್ನು ನಂಬಿ ಎರಡು ತಿಂಗಳು ಕಳೆದದ್ದು ಅವರಿಗೆ ಹೊಳೆಯಲೇ ಇಲ್ಲ. ನನಗೆ ಹೊಳೆದಿತ್ತು. ನಾಚಿಕೆಯಿಂದ ಹೊರಗೆ ಹೋಗಿ ಅತ್ತುಬಿಟ್ಟೆ.