ಗೌರೀಶಂಕರ ಭಟ್ಟರ ಪುತ್ತೂರಿನ್

ಗೌರೀಶಂಕರ ಭಟ್ಟರು ದೊಡ್ಡ ವಿಜ್ಞಾನಿ ಎಂದು ಈಗ ಹೇಳಿಕೊಂಡು ತಿರುಗುವವರೆಲ್ಲ ಆಗ ಅವರನ್ನು ‘ಕರುಳು ಭಟ್ರು’ ಎಂದು ಕರೆದವರೇ. ನಾನೂ ಕರೆದಿದ್ದೇನೆ. ನರಿಮೊಗರಿನ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದ ಬ್ರಾಹ್ಮಣನೊಬ್ಬ ದಿನಾ ಬೆಳಿಗ್ಗೆ ಆರೂವರೆಗೆ ಪುತ್ತೂರಿನ ಕುಂಞಿ ಮೋನುವಿನ ಮಾಂಸದಂಗಡಿಯ ಮುಂದೆ ಥರ್ಮಾಸ್ ಹಿಡಿದು ನಿಂತರೆ ಜನ ಇನ್ನೇನು ಕರೆಯಬೇಕು?

ಥರ್ಮಾಸಿನಲ್ಲಿ ಇರುತ್ತಿದ್ದದ್ದು ಉಗುರು ಬೆಚ್ಚಗಿನ ಉಪ್ಪುನೀರು. ಆಗಷ್ಟೇ ಕಡಿದ ಆಡಿನ ಸಣ್ಣ ಕರುಳಿನಿಂದ ಒಂದು ಗೇಣು ತುಂಡು ಮಾಡಿ ಕುಂಞಿ ಮೋನು ಅದರೊಳಗೆ ಇಳಿಬಿಡುತ್ತಿದ್ದ.

“ಭಟ್ರೆ, ಒಂದು ದಿನ ಆದ್ರೂ ಮಾಂಸ ತಕೊಂಡು ಹೋಗಿ ಮಾರಾಯ್ರೆ. ದಿನಾ ಬರೀ ಕರುಳು ಕೊಟ್ಟು ಕಳಿಸ್ಲಿಕ್ಕೆ ನನಗೇ ನಾಚಿಕೆ ಆಗ್ತದೆ” ಎನ್ನುತ್ತಿದ್ದ.

ಭಟ್ಟರು ನಗುತ್ತಲೂ ಇರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ. ಕರುಳು ತಣ್ಣಗಾಗುತ್ತದೆ ಎಂದು ಓಡುತ್ತಿದ್ದರು.

ನಾವಿಬ್ಬರೂ ಒಂದೇ ಸಣ್ಣ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಅವರದು ರಸಾಯನಶಾಸ್ತ್ರ, ನನ್ನದು ಸಸ್ಯಶಾಸ್ತ್ರ. ಬೊಂಬಾಯಿಯಲ್ಲಿ ಸಂಶೋಧನೆ ಮಾಡುತ್ತಿದ್ದ ಭಟ್ಟರು ತಂದೆ ಹಾಸಿಗೆ ಹಿಡಿದರೆಂದು ೧೯೫೭ರಲ್ಲಿ ಊರಿಗೆ ಬಂದರು. ತಂದೆ ತೀರಿಹೋದರು, ತೋಟ ತಮ್ಮಂದಿರ ಪಾಲಾಯಿತು. ಭಟ್ಟರ ತಲೆಯೊಳಗಿನ ಹುಳ ಮಾತ್ರ ಸಾಯಲಿಲ್ಲ.

ಆ ಹುಳದ ಹೆಸರು ಪೆಪ್ಟೈಡ್. ಪ್ರೋಟೀನಿನ ಚಿಕ್ಕದೊಂದು ತುಂಡು ಎಂದು ತಿಳಿದರೆ ಸಾಕು. ನನಗೂ ಅಷ್ಟೇ ತಿಳಿದದ್ದು. ನಮ್ಮ ಮೈಯ ಒಂದೊಂದು ಜೀವಕೋಶದ ಹೊರಮೈಯಲ್ಲೂ ಬೀಗಗಳಿವೆಯಂತೆ. ಅದಕ್ಕೆ ರಿಸೆಪ್ಟರ್ ಎನ್ನುತ್ತಾರೆ. ಸರಿಯಾದ ಕೀಲಿಕೈ ಬಂದು ಕೂತರೆ ಮಾತ್ರ ಬೀಗ ತೆರೆಯುತ್ತದೆ, ಕೋಶ ಕೆಲಸ ಸುರುಮಾಡುತ್ತದೆ. ಕುಟುಕುವ ಕಣಜದ ಹುಳದ ವಿಷದಲ್ಲಿ ಕರುಳನ್ನು ನಿಧಾನಕ್ಕೆ ಹಿಂಡುವ ಇಂಥದೊಂದು ಕೀಲಿಕೈಯನ್ನು ಹೊರದೇಶದವರು ಆಗಲೇ ಕಂಡಿದ್ದರು. ನಮ್ಮ ಕಡೆಯ ಕಣಜದಲ್ಲಿ ಬೇರೆಯೇ ಒಂದು ಇರಬೇಕು ಎಂದು ಭಟ್ಟರ ಹಟ.

ಪ್ರಯೋಗಶಾಲೆಯೆಂದರೆ ಕಾಲೇಜಿನ ಹಿಂದಿನ ಹಂಚಿನ ಮಾಡಿನ ಕೋಣೆ. ಗಾಜಿನ ಕೊಳವೆಯೊಳಗೆ ಕರುಳಿನ ತುಂಡು ನೇತಾಡುತ್ತಿತ್ತು, ಅದಕ್ಕೆ ಸೈಕಲ್ ಪಂಪಿನಿಂದ ಗಾಳಿ. ಕರುಳಿಗೆ ಕಟ್ಟಿದ ನೂಲಿನ ಮೇಲ್ತುದಿಯಲ್ಲಿ ತಕ್ಕಡಿಯಂತೆ ತೂಗುವ ಒಂದು ಕಡ್ಡಿ. ಚಿಮಿಣಿ ದೀಪದ ಮಸಿ ಹಿಡಿಸಿದ ಕಾಗದ ಸುತ್ತಿದ ಡ್ರಮ್ಮು ತಿರುಗುವಾಗ ಕಡ್ಡಿ ಅದರ ಮೇಲೆ ಬಿಳಿ ಗೆರೆ ಎಳೆಯುತ್ತಿತ್ತು. ಕರುಳು ಹಿಂಡಿಕೊಂಡರೆ ಗೆರೆ ಮೇಲೇರಬೇಕು. ಭಟ್ಟರ ಬದುಕೆಲ್ಲ ಆ ಗೆರೆಯ ತುದಿಯಲ್ಲಿತ್ತು.

ಕಣಜದ ಗೂಡು ತರುತ್ತಿದ್ದವರು ಅಟೆಂಡರ್ ಮಾಯಿಲಪ್ಪ ಗೌಡರು, ಸುಳ್ಯ ಕಡೆಯವರು. ಐವತ್ತು ದಾಟಿದ ಮನುಷ್ಯ. ಕಾಣಿಯೂರಿನ ತೋಟಗಳಲ್ಲಿ ಗೂಡಿಗೆ ಹೊಗೆ ಹಾಕಿ, ಗೋಣಿಯಲ್ಲಿ ಕಟ್ಟಿ, ಬಸ್ಸಿನಲ್ಲಿ ಸೀಟಿನಡಿ ಇಟ್ಟು ತರುತ್ತಿದ್ದರು. ಗೋಣಿಯಲ್ಲಿ ಎಂತ ಎಂದು ಕಂಡಕ್ಟರ್ ಕೇಳಿದರೆ “ಕಾಲೇಜಿಂದು” ಎನ್ನುತ್ತಿದ್ದರು. ಅದು ಸುಳ್ಳೇನೂ ಆಗಿರಲಿಲ್ಲ. ಕಣಜದ ವಿಷದ ಚೀಲ ಕಿತ್ತು ಅರೆದು ಕೊಡುವುದೂ ಅವರೇ.

ಅರೆಯಲು ಒಂದು ಪಿಂಗಾಣಿಯ ಒರಳಿತ್ತು. ೧೯೬೦ರ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಹುಡುಗರು ಅದನ್ನು ಒಡೆದರು. ಹೊಸದಕ್ಕೆ ಬರೆದ ಅರ್ಜಿ ಆಫೀಸಿನಲ್ಲಿ ನಿದ್ದೆಹೋಯಿತು. ಭಟ್ಟರು ಮನೆಯಿಂದ ಸತ್ತ ಅಜ್ಜಿಯ ಕಲ್ಲಿನ ಕುಟ್ಟಾಣಿ ತಂದರು. ಹಲ್ಲು ಹೋದ ಅಜ್ಜಿ ಎಲೆಯಡಿಕೆ ಗುದ್ದುತ್ತಿದ್ದ ಕುಟ್ಟಾಣಿ. ಸೋಡಾ ಹಾಕಿ ತಿಕ್ಕಿ, ಕುದಿಸಿ, ಒಣಗಿಸಿ ಮೇಜಿನ ಮೇಲಿಟ್ಟರು.

ಆ ಮೇಲೆ ಗೆರೆ ಹಾರತೊಡಗಿತು. ನಿಧಾನಕ್ಕಲ್ಲ, ಒಮ್ಮೆಲೇ. ಅರೆದ ವಿಷದ ಹನಿ ಕೊಳವೆಗೆ ಬಿದ್ದದ್ದೇ ತಡ, ಕರುಳು ಗುಂಡಗಾಗಿ, ಕಡ್ಡಿ ಕಾಗದದ ಮೇಲಂಚಿಗೆ ಹೋಗಿ ನಿಲ್ಲುತ್ತಿತ್ತು. ಹೊರದೇಶದ ಯಾವ ಕಣಜಕ್ಕೂ ಈ ಗತ್ತಿರಲಿಲ್ಲ. ಭಟ್ಟರು ಎರಡು ವರ್ಷ ನೂರಾರು ಕಾಗದ ತುಂಬಿಸಿದರು, ಹೊಸ ಪೆಪ್ಟೈಡಿಗೆ ‘ಪುತ್ತೂರಿನ್’ ಎಂದು ಹೆಸರಿಟ್ಟರು. ಮಗು ಹುಟ್ಟುವ ಮೊದಲೇ ತೊಟ್ಟಿಲು ಕಟ್ಟಬೇಡಿ ಎಂದೆ. ಕೇಳಲಿಲ್ಲ. ಬೊಂಬಾಯಿಯ ಹಳೆಯ ಪ್ರೊಫೆಸರಿಗೆ ಬರೆದರು. ಅವರು ಉತ್ತರಿಸಿದರು: ಫೆಬ್ರವರಿಯಲ್ಲಿ ಮಂಗಳೂರಿಗೆ ಬರುವುದುಂಟು, ಪುತ್ತೂರಿಗೂ ಬಂದು ಕಣ್ಣಾರೆ ನೋಡುತ್ತೇನೆ, ನಿಜವಾದರೆ ನನ್ನ ಪ್ರಯೋಗಶಾಲೆಯಲ್ಲಿ ನಿನಗೊಂದು ಜಾಗ. ಭಟ್ಟರು ಐದು ವರ್ಷದಿಂದ ಕನಸಿನಲ್ಲಿ ಕನವರಿಸುತ್ತಿದ್ದದ್ದು ಅದೊಂದನ್ನೇ.

ಪ್ರೊಫೆಸರು ಬರಲು ಮೂರು ದಿನ ಇತ್ತು. ವಿಷದ ಚೀಲಗಳು ಉಳಿದದ್ದು ನಾಲ್ಕೇ ಪ್ರಯೋಗಕ್ಕಾಗುವಷ್ಟು. ಡ್ರಮ್ಮು ಸರಿಯಾಗಿ ತಿರುಗುತ್ತದೋ ಎಂದು ಮಧ್ಯಾಹ್ನದ ಊಟದ ಮೇಲೆ ಪರೀಕ್ಷೆ ಮಾಡಹೊರಟರು. ನಾನು ಪುಕ್ಕಟೆ ತಮಾಷೆ ನೋಡಲು ಹೋಗಿ ಕೂತಿದ್ದೆ.

“ಚೀಲ ಹಾಳು ಮಾಡುದು ಬೇಡ ಭಟ್ರೆ. ಬರೀ ಉಪ್ಪುನೀರು ಕುಟ್ಟಿ ಕೊಡ್ತೇನೆ, ಗೆರೆ ನೆಟ್ಟಗೆ ಬಂದ್ರೆ ಸಾಕಲ್ಲ” ಎಂದರು ಗೌಡರು.

ಕೊಟ್ಟರು. ಭಟ್ಟರು ಹನಿ ಬಿಟ್ಟರು. ಗೆರೆ ಒಮ್ಮೆಲೇ ಹಾರಿ ಕಾಗದದ ಮೇಲಂಚಿಗೆ ಹೋಗಿ ನಿಂತಿತು.

ಕಣಜವಿಲ್ಲದೆ ಪುತ್ತೂರಿನ್! ಭಟ್ಟರು ಬಾಟಲಿಯ ಉಪ್ಪುನೀರನ್ನು ಕರುಳಿಗೆ ಹಾಕಿ ನೋಡಿದ್ದರು, ಎಷ್ಟೋ ಸಲ. ಕುಟ್ಟಾಣಿಯಲ್ಲಿ ಕುಟ್ಟಿದ ಉಪ್ಪುನೀರನ್ನು ಒಮ್ಮೆಯೂ ಹಾಕಿರಲಿಲ್ಲ. ಈಗ ಕುಟ್ಟಾಣಿ ತೊಳೆದು ಮತ್ತೆ ಹಾಕಿದರು. ಹಾರಾಟ ಅರ್ಧಕ್ಕಿಳಿಯಿತು. ಮೂರನೆಯ ಸಲಕ್ಕೆ ಇನ್ನೂ ಇಳಿಯಿತು. ಕುಟ್ಟಾಣಿಗೆ ಮೂಗಿಟ್ಟು ಮೂಸಿದರು.

“ನನಗೆ ಎಂತದೂ ಗೊತ್ತಾಗುದಿಲ್ಲ. ನೀವು ನೋಡಿ” ಎಂದು ನನ್ನ ಕೈಗಿತ್ತರು.

ಅಡಿಕೆ ಅಂಗಳದಲ್ಲಿ ಹುಟ್ಟಿ ಬೆಳೆದ ಮೂಗಿಗೆ ಗೊತ್ತಾಗುವುದಾದರೂ ಹೇಗೆ? ನಾನು ಮೂಸಿದೆ. “ಅಡಿಕೆ ಮಾರಾಯ್ರೆ! ಸುಣ್ಣವೂ ಉಂಟು.”

ಅಡಿಕೆಯಲ್ಲಿ ಅರೆಕೋಲಿನ್ ಎಂಬ ಸತ್ವವಿದೆ. ಪೆಪ್ಟೈಡಲ್ಲ, ಏನಲ್ಲ, ಆದರೆ ಕರುಳಿನ ಒಂದು ಬೀಗಕ್ಕೆ ಸರಿಯಾಗಿ ಕೂರುತ್ತದೆ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅಜ್ಜಿಯ ಕಾಲದ ಅಡಿಕೆ ಕುದಿಸಿದ ಮೇಲೂ ಎರಡು ವರ್ಷ ಉಳಿಯುವುದುಂಟೇ? ಇಬ್ಬರೂ ಗೌಡರನ್ನು ನೋಡಿದೆವು. ಗೌಡರು ಬಾಯಿ ತೆರೆದು ತೋರಿಸಿದರು. ಒಂದೂ ಹಲ್ಲಿಲ್ಲ.

“ಕಡೆಯ ಎರಡು ಹೋಗಿ ಎರಡು ವರ್ಷ ಆಯ್ತು. ಇಲ್ಲಿ ನೋಡಿದ್ರೆ ಕುಟ್ಟಾಣಿ ಬಂದು ಕೂತಿತ್ತು. ಮಧ್ಯಾಹ್ನ ಗಂಜಿ ಉಂಡು ಒಂದು ಬಾಯಿಗೆ ಕುಟ್ಟಿಕೊಳ್ತಿದ್ದೆ. ಮೊದಲೂ ತೊಳಿತಿದ್ದೆ, ಮತ್ತೆಯೂ ತೊಳಿತಿದ್ದೆ ಭಟ್ರೆ, ದೇವರಾಣೆ.” ಕಲ್ಲು ಮಾತ್ರ ಕುಡಿದದ್ದನ್ನು ಪೂರಾ ಬಿಟ್ಟಿರಲಿಲ್ಲ.

“ಎರಡು ವರ್ಷ ಕಣಜದ ವಿಷ ತಿಂದಿರಾ!” ಎಂದೆ ನಾನು.

“ಎಂತ ಆಗ್ಲಿಲ್ಲ.”

“ಆಗುದಿಲ್ಲ” ಎಂದರು ಭಟ್ಟರು, ಬೇರೆಲ್ಲೋ ನೋಡುತ್ತ. “ಪೆಪ್ಟೈಡ್ ಹೊಟ್ಟೆಗೆ ಹೋದ್ರೆ ಜೀರ್ಣ ಆಗ್ತದೆ.”

ಆಗ ನಾನು ಕೊಟ್ಟ ಬುದ್ಧಿಯನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಅಟೆಂಡರನ ತಪ್ಪಿನಿಂದ ಕೆಟ್ಟಿತು ಎಂದು ಪ್ರೊಫೆಸರಿಗೆ ಹೇಳಿಬಿಡಿ, ಜಾಗವಾದರೂ ಉಳಿದೀತು ಎಂದೆ. ಗೌಡರೂ ತಲೆಯಾಡಿಸಿದರು. “ನನ್ನ ಹೆಸರೇ ಹೇಳಿ ಭಟ್ರೆ. ಕೆಲಸ ಹೋದ್ರೆ ಸುಳ್ಯಕ್ಕೆ ಹೋಗ್ತೇನೆ.”

ಭಟ್ಟರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ಎರಡು ವರ್ಷ ಪಕ್ಕದಲ್ಲಿ ನಿಂತ ಮನುಷ್ಯನ ಬಾಯಲ್ಲಿ ಹಲ್ಲಿಲ್ಲ ಅಂತ ನಾನು ನೋಡ್ಲಿಲ್ಲ. ಇನ್ನು ಕಣ್ಣಿಗೆ ಕಾಣದ ಬೀಗ ನೋಡುವವ ನಾನು! ತಪ್ಪು ಯಾರದ್ದು ಅಂತ ನನಗೆ ಗೊತ್ತುಂಟು.”

ಪ್ರೊಫೆಸರು ಬಂದರು. ಭಟ್ಟರು ಅವರೆದುರಿಗೆ ಕುಟ್ಟಾಣಿಯಲ್ಲಿ ಅಡಿಕೆ ಕುಟ್ಟಿ, ತೊಳೆದು, ಬರೀ ಉಪ್ಪುನೀರು ಕುಟ್ಟಿ, ಗೆರೆ ಹಾರಿಸಿ ತೋರಿಸಿದರು. “ನನ್ನ ಪುತ್ತೂರಿನ್ ಇದು” ಎಂದರು.

“ಕುಟ್ಟಾಣಿ ಮುಟ್ಟಿದವರು ಯಾರು?” ಪ್ರೊಫೆಸರು ಕೇಳಿದರು. ಮೂಲೆಯಲ್ಲಿ ನಿಂತ ಗೌಡರು ಒಂದು ಹೆಜ್ಜೆ ಮುಂದೆ ಬಂದರು.

“ಕುಟ್ಟಾಣಿ ನಮ್ಮ ಮನೆಯದ್ದು. ಪರೀಕ್ಷೆ ಮಾಡದೆ ತಂದವ ನಾನು” ಎಂದರು ಭಟ್ಟರು. ಆ ಮಾತು ಅಲ್ಲಿಗೇ ನಿಂತಿತು.

ಪ್ರೊಫೆಸರು ಊಟ ಮಾಡಿದರು, ಸಾರು ಚೆನ್ನಾಗಿದೆ ಎಂದರು, ಮೂರು ಗಂಟೆಯ ಬಸ್ಸಿಗೆ ಹೊರಟರು. ಬೊಂಬಾಯಿಯ ಜಾಗ ಅವರ ಜೊತೆಗೇ ಬಸ್ಸು ಹತ್ತಿತು.

ಭಟ್ಟರು ಒಂದು ವಾರ ಮಾಂಸದಂಗಡಿಗೆ ಹೋಗಲಿಲ್ಲ. ಎಂಟನೆಯ ದಿನ ಕುಂಞಿ ಮೋನು ತಾನೇ ಥರ್ಮಾಸು ತುಂಬಿಸಿಕೊಂಡು ಕಾಲೇಜಿಗೆ ಬಂದ. ಭಟ್ಟರು ಅದನ್ನು ಇಸಕೊಂಡು ಒಳಗೆ ಹೋದರು. ನಾನು ನನ್ನ ವಿಭಾಗದ ಪಿಂಗಾಣಿ ಒರಳನ್ನು ಕದ್ದು ತಂದುಕೊಟ್ಟೆ. ಆ ಪಾಪ ಇನ್ನೂ ನನ್ನ ಲೆಕ್ಕದಲ್ಲೇ ಇದೆ. ಭಟ್ಟರು ಕಣ್ಣಿನ ಡಾಕ್ಟರರಲ್ಲಿ ಹೋಗಿ, ಕಣ್ಣಿಗೆ ಬಿಡುವ ಅಟ್ರೊಪಿನ್ ಬೇಡಿ ತಂದರು. ಅಡಿಕೆ ತೆರೆಯುವ ಬೀಗವನ್ನು ಅದು ಮುಚ್ಚುತ್ತದೆ. ಅದನ್ನು ಕರುಳಿಗೆ ಕುಡಿಸಿ ಅಡಿಕೆಯ ನೀರು ಬಿಟ್ಟರೆ ಗೆರೆ ಅಲುಗಲಿಲ್ಲ. ಆಮೇಲೆ, ಉಳಿಸಿದ್ದ ವಿಷದ ಚೀಲಗಳನ್ನು ಶುದ್ಧ ಒರಳಿನಲ್ಲಿ ಅರೆದು ಅದೇ ಕರುಳಿಗೆ ಬಿಟ್ಟರು.

ಗೆರೆ ಸ್ವಲ್ಪ ಹೊತ್ತು ನೆಟ್ಟಗೆ ಹೋಯಿತು. ಮತ್ತೆ ಮೆಲ್ಲಗೆ, ತೀರಾ ಮೆಲ್ಲಗೆ ಏರಿ, ಒಂದು ಬೆರಳೆತ್ತರಕ್ಕೆ ನಿಂತಿತು.

“ಉಂಟು ಮಾರಾಯ್ರೆ” ಎಂದರು ಭಟ್ಟರು. “ಬೇರೆ ಬಾಗಿಲಿಂದ ಬರ್ತದೆ.” ಎರಡು ವರ್ಷ ಅಡಿಕೆಯ ಅಬ್ಬರದಡಿ ಅದು ಸಿಕ್ಕಿಬಿದ್ದಿತ್ತು.

ಆ ಒಂದು ಬೆರಳಿನ ಹಿಂದೆ ಅವರು ಮತ್ತೆರಡು ವರ್ಷ ತೇದರು. ೧೯೬೪ರಲ್ಲಿ ನಾಲ್ಕು ಪುಟ ಅಚ್ಚಾಯಿತು. ಹೊರದೇಶದವರು ಕಂಡದ್ದಕ್ಕೆ ಹತ್ತಿರದ್ದೇ, ತುಸು ಬೇರೆ. ಪುತ್ತೂರಿನ್ ಎಂಬ ಹೆಸರು ಎಲ್ಲೂ ಇಲ್ಲ.

ಆ ವರ್ಷವೇ ಗೌಡರು ನಿವೃತ್ತರಾದರು. ಸುಳ್ಯದ ಅವರ ಮನೆಗೆ ನಾವಿಬ್ಬರೂ ಹೋದೆವು. ಭಟ್ಟರು ಚೀಲದಿಂದ ಅಜ್ಜಿಯ ಕುಟ್ಟಾಣಿ ತೆಗೆದು ಜಗಲಿಯ ಮೇಲಿಟ್ಟರು, ಜೊತೆಗೆ ಆ ನಾಲ್ಕು ಪುಟ. ಕೊನೆಯ ಸಾಲನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ: ನಮ್ಮ ತಪ್ಪನ್ನು ನಮಗೆ ಮೊದಲು ತೋರಿಸಿಕೊಟ್ಟ ಮಾಯಿಲಪ್ಪ ಗೌಡರಿಗೆ ಕೃತಜ್ಞತೆಗಳು.

ಗೌಡರು ಆ ಪುಟಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. “ಹಲ್ಲಿನ ವಿಷಯ ಬರೆದಿದ್ದಾರಾ?” ಎಂದು ಕಡೆಗೆ ನನ್ನನ್ನು ಕೇಳಿದರು.

“ಇಲ್ಲ.”

“ಹಾಗಾದ್ರೆ ಅಡ್ಡಿಲ್ಲ.”

ಕುಟ್ಟಾಣಿ ತೊಳೆದು, ಎಲೆ, ಅಡಿಕೆ, ಸುಣ್ಣ ಹಾಕಿ ಕುಟ್ಟಿ ಮೂರು ಪಾಲು ಮಾಡಿದರು. ಗೌರೀಶಂಕರ ಭಟ್ಟರು ಹುಟ್ಟಿದಂದಿನಿಂದ ಎಲೆಯಡಿಕೆ ಬಾಯಿಗೆ ಹಾಕಿದವರಲ್ಲ. ಅಂದು ಕೈಯೊಡ್ಡಿದರು.